ಇಸ್ತ್ರಿ ಹಾಕಿದ ಸ್ಲೀಪಿಂಗ್ ಬ್ಯಾಗ್

2023ರ ಫೆಬ್ರವರಿಯಲ್ಲಿ ನಾನಿನ್ನೂ ನೈರೋಬಿಯ ಪಂಗಾನಿಯಲ್ಲಿ ಕ್ಲಿನಿಕ್ ನಡೆಸುತ್ತಿದ್ದೆ. ಮೈಸೂರಿನಲ್ಲಿ ಎಂಬಿಬಿಎಸ್ ಮುಗಿಸಿ, ಮದುವೆಯಾಗಿ ಇಲ್ಲಿಗೆ ಬಂದವಳು ನಾನು. ಜನರಲ್ ಪ್ರಾಕ್ಟೀಸ್ ಎಂದರೆ ನೆಗಡಿ, ಮಲೇರಿಯಾ, ಬಿಪಿ, ಶುಗರ್, ಮತ್ತೆ ನೆಗಡಿ. ಇದರ ಜೊತೆಗೆ ಇನ್ನೊಂದು ಬಿಟ್ಟಿ ಕೆಲಸವೂ ನನಗೆ ಅಂಟಿಕೊಂಡಿತ್ತು. ಇಲ್ಲಿನ ಕನ್ನಡದ ಕುಟುಂಬಗಳು ಬೆಟ್ಟ ಹತ್ತಲು ಹೊರಟಾಗಲೆಲ್ಲ ಔಷಧಿ ಚೀಲ ಹಿಡಿದು ಅವರ ಹಿಂದೆ ಹೋಗುವುದು. ಚಿಕ್ಕ ವಯಸ್ಸಿನಲ್ಲಿ ಒಂದೆರಡು ಸಲ ಹತ್ತಿದ್ದೆ ಎನ್ನುವುದೇ ನನ್ನ ಅರ್ಹತೆ. ಆ ವರ್ಷ ಮೌಂಟ್ ಕೆನ್ಯಾಗೆ ಹೊರಟ ತಂಡದಲ್ಲಿ ನಡೆದದ್ದನ್ನು ಈಗ ಬರೆಯುತ್ತಿದ್ದೇನೆ.

ಹೊರಡುವ ಮೊದಲು ಲೊರೆಶೋದ ನಮ್ಮ ಮನೆಯಲ್ಲಿ ಎಲ್ಲರನ್ನೂ ಸೇರಿಸಿ ಸ್ಲೀಪಿಂಗ್ ಬ್ಯಾಗ್ ಬಗ್ಗೆ ಒಂದು ಪಾಠ ಮಾಡಿದೆ. ಭೂಮಧ್ಯರೇಖೆಯ ಪಕ್ಕದಲ್ಲಿ ಕೂತು ಚಳಿಯ ಬಗ್ಗೆ ಭಾಷಣ ಮಾಡಿದರೆ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಆದರೆ ಆ ಬೆಟ್ಟದಲ್ಲಿ ನಾಲ್ಕು ಸಾವಿರ ಮೀಟರ್ ದಾಟಿದರೆ ರಾತ್ರಿ ಲೋಟದ ನೀರು ಗಟ್ಟಿಯಾಗುತ್ತದೆ. ಬ್ಯಾಗಿನ ಚೀಟಿಯಲ್ಲಿ ಸಾಮಾನ್ಯವಾಗಿ ಮೂರು ಅಂಕಿಗಳಿರುತ್ತವೆ. ಮೊದಲನೆಯದು ಕಂಫರ್ಟ್, ಅಂದರೆ ಆ ಚಳಿಯವರೆಗೆ ಸಾಧಾರಣ ಹೆಂಗಸೊಬ್ಬಳು ನೆಮ್ಮದಿಯಾಗಿ ನಿದ್ದೆ ಮಾಡಬಹುದು. ಎರಡನೆಯದು ಲಿಮಿಟ್. ಗಟ್ಟಿಮುಟ್ಟಾದ ಗಂಡಸು ಮುದುಡಿಕೊಂಡು ಹೇಗೋ ರಾತ್ರಿ ಕಳೆಯಬಹುದಾದ ಚಳಿ ಅದು. ಮೂರನೆಯದು ಎಕ್ಸ್‌ಟ್ರೀಮ್. ಅಲ್ಲಿ ನಿದ್ದೆಯ ಮಾತೇ ಇಲ್ಲ, ಜೀವ ಉಳಿದರೆ ಪುಣ್ಯ. ಅಂಗಡಿಯವರು ದಪ್ಪ ಅಕ್ಷರದಲ್ಲಿ ಹಾಕುವುದು ಮಾತ್ರ ಈ ಮೂರನೆಯದನ್ನೇ.

"ಡಾಕ್ಟ್ರೇ, ಮನೆಯಲ್ಲಿರೋ ಎರಡು ರಗ್ಗು ತಂದ್ರೆ ಸಾಲದಾ?" ಎಂದರು ನಾಗರಾಜ್. ಅವರು ಇಲ್ಲಿನ ಕಾಲೇಜೊಂದರಲ್ಲಿ ಲೆಕ್ಚರರ್, ನಮ್ಮ ತಂಡದ ಮುಂದಾಳು.

"ತನ್ನಿ. ರಗ್ಗು ಹೊರೋಕೆ ಒಬ್ಬ ಪೋರ್ಟರ್ ಬೇಕು, ಆಮೇಲೆ ನಿಮ್ಮನ್ನ ಹೊರೋಕೆ ನಾಲ್ಕು ಜನ" ಎಂದೆ.

ಒಳಗೆ ತುಂಬುವ ವಸ್ತುವಿನಲ್ಲಿ ಎರಡು ಬಗೆ. ಒಂದು ನೂಲಿನಂಥ ಫೈಬರ್. ಭಾರ ಹೆಚ್ಚು, ಆದರೆ ಒದ್ದೆಯಾದರೂ ಅಷ್ಟಿಷ್ಟು ಬೆಚ್ಚಗಿರುತ್ತದೆ. ಇನ್ನೊಂದು ಡೌನ್, ಅಂದರೆ ಬಾತುಕೋಳಿಯ ಎದೆಯ ಮೃದುವಾದ ತುಪ್ಪಳ. ಹಗುರ, ತುಂಬಾ ಬೆಚ್ಚಗೆ. ಆದರೆ ಬೆಚ್ಚಗಿಡುವುದು ತುಪ್ಪಳವಲ್ಲ, ಅದು ಅರಳಿ ಹಿಡಿದುಕೊಳ್ಳುವ ಗಾಳಿ. ನೀರು ಕುಡಿದು ಅದು ಗಂಟುಕಟ್ಟಿತೋ, ಆಮೇಲೆ ಆ ಬ್ಯಾಗಿಗೂ ತಲೆದಿಂಬಿನ ಕವರಿಗೂ ವ್ಯತ್ಯಾಸವಿಲ್ಲ. ಇದನ್ನೆಲ್ಲ ಹೇಳಿದೆ. ಎಲ್ಲರೂ ತಲೆಯಾಡಿಸಿ ಚುರುಮುರಿ ತಿಂದರು.

ಅಂದು ಬಂದವರಲ್ಲಿ ವೀಣಾ ಒಬ್ಬಳು. ಬೆಂಗಳೂರಿನ ಬಸವನಗುಡಿಯವಳು, ಗಂಡನ ಬ್ಯಾಂಕ್ ಪೋಸ್ಟಿಂಗಿನಿಂದಾಗಿ ಇಲ್ಲಿಗೆ ಬಂದು ಕರೆನ್ ಬಡಾವಣೆಯಲ್ಲಿ ಮನೆ ಮಾಡಿದ್ದಳು. ಗಂಡ ಕೆಲಸದ ಮೇಲೆ ಕಂಪಾಲಾಗೆ ಹೋಗಿದ್ದರಿಂದ ಅವಳೂ ಹದಿಮೂರು ವರ್ಷದ ಮಗಳು ಧೃತಿಯೂ ಮಾತ್ರ ಬರುವವರಿದ್ದರು. ಧೃತಿಗೆ ಕನ್ನಡ ಚೆನ್ನಾಗಿ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ, ಅದೂ ಪಟಪಟನೆ. ಮಗಳಿಗೆ ಒಳ್ಳೆಯ ಬ್ಯಾಗ್ ಕೊಡಿಸಲು ವೀಣಾಳನ್ನು ನಾನೇ ಮಿತುಂಬಾ ಮಾರ್ಕೆಟ್ಟಿಗೆ ಕರೆದುಕೊಂಡು ಹೋದೆ. ಮಿತುಂಬಾ ಎಂದರೆ ಹೊರದೇಶಗಳಿಂದ ಮೂಟೆಗಟ್ಟಲೆ ಬರುವ ಹಳೆಯ ಬಟ್ಟೆಬರೆ. ಅದರೊಳಗೆ ಹುಡುಕುವ ಕಣ್ಣಿದ್ದವರಿಗೆ ಚಿನ್ನ ಸಿಗುತ್ತದೆ. ನಮಗೂ ಸಿಕ್ಕಿತು, ಒಂದು ಡೌನ್ ಬ್ಯಾಗ್, ಕಂಫರ್ಟ್ ಮೈನಸ್ ಏಳು. ಸುರುಳಿ ಬಿಚ್ಚಿ ಹಲಗೆಯ ಮೇಲೆ ಹಾಸಿದರೆ ಎಣ್ಣೆಗೆ ಬಿಟ್ಟ ಪೂರಿಯ ಹಾಗೆ ತಾನೇ ಉಬ್ಬಿತು. ತಂಡದಲ್ಲಿ ಅಷ್ಟು ಒಳ್ಳೆಯ ಬ್ಯಾಗ್ ಇನ್ನೊಂದಿರಲಿಲ್ಲ, ನನ್ನದೂ ಸೇರಿ.

ವೀಣಾ ಅದನ್ನು ಎರಡು ಬೆರಳಲ್ಲಿ ಹಿಡಿದುಕೊಂಡಿದ್ದಳು. "ಯಾರು ಯಾರು ಮಲಗಿದ್ರೋ ಏನೋ ಡಾಕ್ಟ್ರೇ."

"ಬಿಸಿಲಲ್ಲಿ ಹರಡಿ, ಸಾಕು. ಮನೇಲಿ ತೊಳೆಯೋದಕ್ಕೆ ಹೋಗಬೇಡಿ" ಎಂದೆ. ಅವಳು ಆಯಿತೆಂದಳು.

ಸಿರಿಮಾನ್ ಗೇಟಿನಿಂದ ನಡಿಗೆ ಶುರು. ಗೈಡ್ ಕಮಾವ್ ಮತ್ತು ಪೋರ್ಟರ್‌ಗಳು ಜೊತೆಗಿದ್ದರು. ಹೆಜ್ಜೆ ಬಿರುಸಾದರೆ ಸಾಕು, ಕಮಾವ್ "ಪೋಲೆ ಪೋಲೆ" ಎನ್ನುತ್ತಿದ್ದ. ಸ್ವಾಹಿಲಿಯಲ್ಲಿ ಹಾಗೆಂದರೆ ನಿಧಾನ. ಮೊದಲ ರಾತ್ರಿ ಮೂರು ಸಾವಿರದ ಮುನ್ನೂರು ಮೀಟರಿನಲ್ಲಿ ತಂಗಿದೆವು. ಬೆಳಿಗ್ಗೆ ಧೃತಿ ತನಗೆ ನಿದ್ದೆಯೇ ಬರಲಿಲ್ಲ, ಚಳಿ ಎಂದಳಂತೆ. ಬೆಟ್ಟದಲ್ಲಿ ಚಳಿಯಾಗದೆ ಸೆಕೆಯಾಗುತ್ತದೆಯೇ ಎಂದು ಅಮ್ಮ ನಕ್ಕಳಂತೆ. ಮೈನಸ್ ಏಳರ ಬ್ಯಾಗಿನಲ್ಲಿ ಮಲಗಿದವಳು ಚಳಿಯೆಂದರೆ ಯಾರು ನಂಬುತ್ತಾರೆ? ಈ ಮಾತು ನನ್ನ ಕಿವಿಗೆ ಬಿದ್ದದ್ದು ಅಂದು ಸಂಜೆ.

ಎರಡನೆಯ ದಿನದ ದಾರಿ ಉದ್ದ. ಫೆಬ್ರವರಿ ಒಣ ತಿಂಗಳು, ಆದರೂ ಮಧ್ಯಾಹ್ನ ಕಣಿವೆಯಿಂದ ಮೋಡ ಮೇಲೆದ್ದು ಆಲಿಕಲ್ಲು ಸುರಿಯಿತು, ಅದರ ಹಿಂದೆ ಮಳೆ. ಧೃತಿ ರೇನ್‌ಕೋಟಿನ ಒಳಗೆ ಹತ್ತಿಯ ಹೂಡಿ ಹಾಕಿಕೊಂಡಿದ್ದಳು. ಬೆವರಿಗೂ ಕತ್ತಿನಿಂದ ಇಳಿದ ಮಳೆಗೂ ಅದು ತೊಯ್ದುಹೋಯಿತು. ಹತ್ತಿ ನೀರು ಕುಡಿದರೆ ಮೈಯ ಬಿಸಿಯನ್ನೆಲ್ಲ ಎಳೆದುಕೊಳ್ಳುತ್ತದೆ. ನಾಲ್ಕು ಸಾವಿರದ ಇನ್ನೂರು ಮೀಟರಿನ ಶಿಬಿರ ಮುಟ್ಟಿದಾಗ ಸಂಜೆಯಾಗಿತ್ತು. ಎಲ್ಲರೂ ಗಡಗಡ ನಡುಗುತ್ತಿದ್ದರು. ನಡುಗುತ್ತಲೇ ಜಗಳವಾಡುತ್ತಿದ್ದರು, ಅದು ಒಳ್ಳೆಯ ಲಕ್ಷಣ. ಬಟ್ಟೆ ಬದಲಾಯಿಸಿ, ಬಿಸಿ ಸೂಪ್ ಕುಡಿಯಿರಿ ಎಂದು ಎಲ್ಲರಿಗೂ ಹೇಳಿ, ತಲೆನೋವೆಂದು ಕೂತಿದ್ದ ನಾಗರಾಜ್ ಅವರನ್ನು ಪರೀಕ್ಷಿಸಲು ಹೋದೆ. ಧೃತಿಗೆ ಸೂಪ್ ಬೇಡವಾಗಿತ್ತು. ಹೂಡಿ ಕಳಚಿ, ಒಳಗಿನ ಒದ್ದೆ ಟೀಶರ್ಟನ್ನು ಹಾಗೇ ಬಿಟ್ಟುಕೊಂಡು ಬ್ಯಾಗಿನೊಳಗೆ ತೂರಿಕೊಂಡಿದ್ದಳು. ಸುಸ್ತಾಗಿದೆ, ಮಲಗಲಿ ಎಂದು ಅಮ್ಮನೂ ಸುಮ್ಮನಾದಳು.

ಇನ್ನೂ ಬೆಳಕಿತ್ತು. ನಾನು ನಾಗರಾಜ್ ಅವರ ಬಿಪಿ ನೋಡುತ್ತಿದ್ದಾಗ ವೀಣಾ ನಗುಮುಖದಲ್ಲೇ ಬಂದಳು.

"ಈಗ ಪರವಾಗಿಲ್ಲ ಡಾಕ್ಟ್ರೇ. ನಡುಕ ಪೂರ್ತಿ ನಿಂತಿದೆ. ಬೆಚ್ಚಗಾಗಿರಬೇಕು, ಟೋಪಿನೂ ಬೇಡ ಅಂತ ಕಿತ್ತು ಹಾಕ್ತಿದಾಳೆ."

ಬಿಪಿಯ ಪಟ್ಟಿಯನ್ನು ನಾಗರಾಜ್ ಅವರ ತೋಳಿನಲ್ಲೇ ಬಿಟ್ಟು ಎದ್ದು ಓಡಿದೆ. ಆ ಎತ್ತರದಲ್ಲಿ ಓಡಬಾರದು, ನಾಲ್ಕು ಹೆಜ್ಜೆಗೇ ಉಸಿರು ಕಟ್ಟುತ್ತದೆ. ಆದರೂ ಓಡಿದೆ. ಯಾಕೆಂದರೆ ನಡುಕ ಎನ್ನುವುದು ದೇಹ ತಾನೇ ಹೊತ್ತಿಸಿಕೊಳ್ಳುವ ಒಲೆ. ಬೆಚ್ಚಗಾದಾಗ ಅದು ನಿಲ್ಲುತ್ತದೆ. ಸೌದೆ ಮುಗಿದಾಗಲೂ ನಿಲ್ಲುತ್ತದೆ. ದೇಹದ ಉಷ್ಣ ತೀರಾ ಇಳಿದ ಈ ಸ್ಥಿತಿಯನ್ನು ಹೈಪೊಥರ್ಮಿಯಾ ಎನ್ನುತ್ತೇವೆ. ಅದು ಮುಂದುವರಿದಾಗ ಕೆಲವರು ಸೆಕೆಯ ಭ್ರಮೆಯಲ್ಲಿ ಬಟ್ಟೆ ಕಿತ್ತು ಹಾಕುತ್ತಾರೆಂದು ಓದಿದ್ದೆ. ಓದಿದ್ದೆ ಅಷ್ಟೇ, ಕಣ್ಣಾರೆ ಕಂಡಿರಲಿಲ್ಲ.

ಟೆಂಟಿನಲ್ಲಿ ಧೃತಿ ಮಗ್ಗುಲಾಗಿ ಮಲಗಿದ್ದಳು. ಮುಖ ಬಿಳಿಚಿಕೊಂಡಿತ್ತು, ತುಟಿ ನೇರಳೆ. "ಧೃತಿ, ನಾನ್ಯಾರು ಹೇಳು" ಎಂದೆ. ಕಣ್ಣು ಅರ್ಧ ತೆರೆದಳು. ಏನೋ ಗೊಣಗಿದಳು, ಇಂಗ್ಲಿಷೂ ಅಲ್ಲ, ಕನ್ನಡವೂ ಅಲ್ಲ. ಪಟಪಟನೆ ಮಾತಾಡುವ ಹುಡುಗಿಯ ನಾಲಗೆ ಬಾಯಲ್ಲಿ ಹೊರಳುತ್ತಿರಲಿಲ್ಲ. ಥರ್ಮಾಮೀಟರನ್ನು ಕಂಕುಳಲ್ಲಿಟ್ಟೆ. ಅಂಕಿಯೇ ಬರಲಿಲ್ಲ, "ಲೋ" ಎಂದು ತೋರಿಸಿತು. ಮೂವತ್ತೆರಡು ಡಿಗ್ರಿಗಿಂತ ಕೆಳಗಿದ್ದರೆ ಅದು ಅಂಕಿ ತೋರಿಸುವುದಿಲ್ಲ. ಚರ್ಮ ತಣ್ಣಗಿದ್ದರೂ ಹಾಗಾಗಬಹುದು, ಒಳಗಿನ ಉಷ್ಣ ಅಷ್ಟು ಇಳಿದಿರಲಿಕ್ಕಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಆ ಸಮಾಧಾನವನ್ನು ನಾನೇ ನಂಬಲಿಲ್ಲ.

ಅಷ್ಟರಲ್ಲಿ ಕಮಾವ್ ಬಂದು ಬಗ್ಗಿ ನೋಡಿದ. ಹತ್ತಾರು ವರ್ಷ ಆ ಬೆಟ್ಟ ಹತ್ತಿಳಿದವನು. ಅವನ ಮುಖದಲ್ಲೂ ಬಣ್ಣವಿರಲಿಲ್ಲ. "ಡಕ್ಟಾರಿ, ಈಗಲೇ ಇಳಿಸೋಣ. ಮಾತು ತೊದಲಿದರೆ ಇಳಿಸಲೇಬೇಕು" ಎಂದ.

ಅವನ ಮಾತಿನಲ್ಲಿ ತಪ್ಪಿರಲಿಲ್ಲ, ನನ್ನನ್ನು ಹೆದರಿಸಿದ್ದೂ ಅದೇ. ಎತ್ತರದಲ್ಲಿ ಗಾಳಿ ತೆಳು. ಕೆಲವರಿಗೆ ಮಿದುಳು ಊದಿಕೊಂಡು ಮಾತು ತೊದಲುತ್ತದೆ, ಬುದ್ಧಿ ಮಂಕಾಗುತ್ತದೆ. ಅದಕ್ಕೆ ಒಂದೇ ಮದ್ದು, ಒಂದು ಕ್ಷಣವೂ ತಡಮಾಡದೆ ಕೆಳಗಿಳಿಸುವುದು. ಹೈಪೊಥರ್ಮಿಯಾದಲ್ಲೂ ಇದೇ ಲಕ್ಷಣಗಳು, ಆದರೆ ಮಾಡಬೇಕಾದದ್ದು ಪೂರ್ತಿ ತದ್ವಿರುದ್ಧ. ತಣ್ಣಗಾದ ಹೃದಯ ಒರಟಾಗಿ ಅಲುಗಿಸಿದರೂ ಲಯ ತಪ್ಪಬಹುದು. ಮಳೆಯಲ್ಲಿ, ಕಲ್ಲುದಾರಿಯಲ್ಲಿ, ಸ್ಟ್ರೆಚರಿನಲ್ಲಿ ಗಂಟೆಗಟ್ಟಲೆ ಕುಲುಕಿಸಿಕೊಂಡು ಒಯ್ದರೆ ಮಗು ದಾರಿಯಲ್ಲೇ ಹೋಗಬಹುದು. ಮೋಡ ಕವಿದಿದ್ದರಿಂದ ಹೆಲಿಕಾಪ್ಟರ್ ಬರುವ ಹಾಗಿರಲಿಲ್ಲ. ಇಳಿಸಬೇಕೋ, ಇಟ್ಟುಕೊಳ್ಳಬೇಕೋ? ಯಾವುದು ತಪ್ಪಿದರೂ ವೀಣಾಳ ಮಗಳು ಇರುವುದಿಲ್ಲ. ಕೇಳೋಣವೆಂದರೆ ನನಗಿಂತ ದೊಡ್ಡ ಡಾಕ್ಟರ್ ಆ ಬೆಟ್ಟದಲ್ಲಿರಲಿಲ್ಲ.

ಒದ್ದೆ ಬಟ್ಟೆ ತೆಗೆಯಲೆಂದು ಬ್ಯಾಗಿನೊಳಗೆ ಕೈ ತೂರಿಸಿದೆ. ಒಳಗೆ ಹೊರಗಿನಷ್ಟೇ ತಣ್ಣಗಿತ್ತು. ಅವಳ ಹೊಟ್ಟೆಯ ಮೇಲೆ ಅಂಗೈ ಇಟ್ಟರೆ ಕಲ್ಲು ಮುಟ್ಟಿದಂತಾಯಿತು. ಮಾರ್ಕೆಟ್ಟಿನಲ್ಲಿ ಪೂರಿಯಂತೆ ಉಬ್ಬಿದ್ದ ಬ್ಯಾಗ್ ಈಗ ಚಪಾತಿಯಷ್ಟು ತೆಳ್ಳಗೆ ಮೈಗಂಟಿಕೊಂಡಿತ್ತು. ತುಪ್ಪಳವೆಲ್ಲ ಮೂಲೆ ಸೇರಿ ನೆಲ್ಲಿಕಾಯಿ ಗಾತ್ರದ ಗಂಟುಗಳಾಗಿತ್ತು, ಹಿಸುಕಿದರೆ ತೇವ.

"ವೀಣಾ, ಈ ಬ್ಯಾಗಿಗೆ ಏನು ಮಾಡಿದ್ರಿ?"

"ತೊಳೆದೆ" ಎಂದಳು. "ಬಿಸಿನೀರಲ್ಲಿ, ಡೆಟಾಲ್ ಹಾಕಿ, ಎರಡು ಸಲ. ಆಮೇಲೆ ಹೊರಗೆ ಒಣಗಿಸಿ ಇಸ್ತ್ರಿ ಹಾಕಿದೆ, ಜಾಸ್ತಿ ಬಿಸಿ ಇಡಲಿಲ್ಲ. ಮ್ಯಾಂಗೋ ಫ್ಲೈ ಇರುತ್ತಲ್ಲ ಡಾಕ್ಟ್ರೇ."

ನೈರೋಬಿಗೆ ಹೊಸದಾಗಿ ಬಂದ ನಮ್ಮ ಹೆಂಗಸರಿಗೆಲ್ಲ ಯಾರಾದರೊಬ್ಬರು ಹೇಳಿಯೇ ಹೇಳುತ್ತಾರೆ. ಹೊರಗೆ ಒಣಹಾಕಿದ ಬಟ್ಟೆಯಲ್ಲಿ ಒಂದು ಜಾತಿಯ ನೊಣ ಮೊಟ್ಟೆ ಇಡುತ್ತದೆ, ಹುಳ ಚರ್ಮದೊಳಗೆ ಹೊಗುತ್ತದೆ, ಇಸ್ತ್ರಿ ಹಾಕದೆ ಚಡ್ಡಿಯನ್ನೂ ತೊಡಬೇಡಿ ಎಂದು. ಇದಕ್ಕೆ ಬಸವನಗುಡಿಯ ಅಜ್ಜಿಯ ಕಾಲದ ಮಡಿ ಸೇರಿಕೊಂಡಿತ್ತು. ಕಂಡವರು ಮಲಗೆದ್ದ ಹಾಸಿಗೆಯಲ್ಲಿ ಮಗಳನ್ನು ಮಲಗಿಸುವುದು ಹೇಗೆ? ಸತ್ತವರದ್ದಾಗಿದ್ದರೆ? ನಾನು ಬೇಡವೆಂದದ್ದನ್ನು ಸೋಮಾರಿ ಡಾಕ್ಟರ ಮಾತು ಎಂದುಕೊಂಡಳೋ ಏನೋ. ಮೊದಲೇ ಡೌನ್ ಒಣಗುವುದಕ್ಕೆ ದಿನಗಳೇ ಬೇಕು. ಅದರ ಮೇಲೆ ಇಸ್ತ್ರಿಯಲ್ಲಿ ಒತ್ತಿ, ಒಳಗಿನ ತೇವದ ಸಮೇತ ಸುರುಳಿ ಸುತ್ತಿ ತಂದಿದ್ದಳು. ಹೊರಗೆ ಮಾತ್ರ ಘಮಘಮ ಪರಿಮಳ, ಹೊಸ ಬ್ಯಾಗೇ ಅನ್ನಬೇಕು.

ಸಿಟ್ಟು ಮಾಡಿಕೊಳ್ಳಲು ಪುರುಸೊತ್ತಿರಲಿಲ್ಲ. ಆ ತೇವದ ಗಂಟುಗಳೇ ನನಗೆ ಸಿಕ್ಕ ಸಾಕ್ಷಿ. ಒದ್ದೆ ಟೀಶರ್ಟು, ಸತ್ತ ಬ್ಯಾಗು, ತಣ್ಣಗಿನ ಹೊಟ್ಟೆ. ಇದು ಚಳಿಯೇ ಎಂದು ತೀರ್ಮಾನಿಸಿದೆ. ತೀರ್ಮಾನಿಸಿದ ಮರುಕ್ಷಣವೇ ತಪ್ಪಿರಬಹುದೆಂಬ ಭಯ ಎದೆಗೆ ಒದ್ದಿತು. ಕಮಾವ್‌ನಿಗೆ ಹೇಳಿದೆ: "ಸ್ಟ್ರೆಚರ್ ಸಿದ್ಧವಾಗಿರಲಿ, ಪೋರ್ಟರ್ ಹುಡುಗರು ಬೂಟು ಕಟ್ಟಿಕೊಂಡಿರಲಿ. ಬಿಸಿನೀರು ಕೊಡು. ಎರಡನೇ ಸಲ ಬಾಟಲಿ ಬದಲಾಯಿಸುವಷ್ಟರಲ್ಲಿ ಮಗು ನಡುಗದಿದ್ದರೆ ಇಳಿಯೋಣ." ಅವನು ಒಂದು ಕ್ಷಣ ನನ್ನ ಮುಖ ನೋಡಿ, "ಸಾವಾ" ಎಂದು ಹೊರಟ. ಆಗಲಿ ಎಂದರ್ಥ.

ಕತ್ತರಿಯಿಂದ ಟೀಶರ್ಟ್ ಕತ್ತರಿಸಿ ತೆಗೆದೆ. ತೋಳು ಎತ್ತಿಸಿ ಬಿಚ್ಚುವ ಧೈರ್ಯ ನನಗಾಗಲಿಲ್ಲ. ಒಣ ಉಣ್ಣೆ ಬಟ್ಟೆ ಸುತ್ತಿ, ಅವಳ ಕೆಳಗೆ ಎರಡು ಮ್ಯಾಟ್ ಹಾಸಿ, ನನ್ನ ಫೈಬರ್ ಬ್ಯಾಗಿನೊಳಗೆ ಮಲಗಿದ ಭಂಗಿಯಲ್ಲೇ ಮೆಲ್ಲಗೆ ಸರಿಸಿದೆವು. ಕುಡಿಯುವ ಬಾಟಲಿಗಳಿಗೆ ಬಿಸಿನೀರು ತುಂಬಿ, ಸಾಕ್ಸಿನಲ್ಲಿ ಸುತ್ತಿ, ಕಂಕುಳಿಗೂ ಎದೆಗೂ ಇಟ್ಟೆ. ಸ್ಲೀಪಿಂಗ್ ಬ್ಯಾಗ್ ಎಷ್ಟೇ ಒಳ್ಳೆಯದಿರಲಿ, ಅದಕ್ಕೆ ಸ್ವಂತ ಬಿಸಿ ಇಲ್ಲ. ಮೈಯಲ್ಲಿದ್ದ ಬಿಸಿಯನ್ನು ಕಾಯುತ್ತದೆ, ಅಷ್ಟೇ. ಮೈಯಲ್ಲೇ ಇಲ್ಲದಿದ್ದರೆ ಹೊರಗಿನಿಂದ ತಂದು ಕೊಡಬೇಕು.

ನಾಗರಾಜ್ ಟೆಂಟಿನ ಬಾಗಿಲಲ್ಲಿ ನಿಂತು, "ಬ್ರಾಂದಿ ಇದೆ ಡಾಕ್ಟ್ರೇ, ಒಂದು ಮುಚ್ಚಳ ಕೊಡೋಣವಾ?" ಎಂದರು.

"ನೀವೇ ಕುಡಿದು ಮಲಗಿ" ಎಂದು ರೇಗಿದೆ. ಬ್ರಾಂದಿ ರಕ್ತನಾಳಗಳನ್ನು ಹಿಗ್ಗಿಸಿ ಇರುವ ಬಿಸಿಯನ್ನೂ ಚರ್ಮದಿಂದ ಹೊರಗೆ ಚೆಲ್ಲುತ್ತದೆ. ಮಂಪರಿನಲ್ಲಿರುವ ಮಗುವಿನ ಬಾಯಿಗೆ ಏನು ಹಾಕಿದರೂ ಶ್ವಾಸಕೋಶಕ್ಕೆ ಇಳಿಯುವ ಅಪಾಯ ಬೇರೆ.

ವೀಣಾ ಅಷ್ಟರಲ್ಲಿ ಕೊಬ್ಬರಿ ಎಣ್ಣೆಯ ಬಾಟಲಿ ತೆರೆದು ಮಗಳ ಅಂಗಾಲಿಗೆ ಕೈ ಹಾಕಿದ್ದಳು. ನಮ್ಮಲ್ಲಿ ಚಳಿಯೆಂದರೆ ಅಂಗಾಲು ಅಂಗೈ ಉಜ್ಜದ ತಾಯಿ ಯಾರಿದ್ದಾರೆ? ಆದರೆ ಹಾಗೆ ಉಜ್ಜಿದರೆ ಕೈಕಾಲಿನ ತಣ್ಣನೆಯ ರಕ್ತ ಹೃದಯಕ್ಕೆ ನುಗ್ಗಬಹುದು.

"ಉಜ್ಜಬೇಡಿ ವೀಣಾ. ಕೈ ತೆಗೀರಿ. ಪಕ್ಕದಲ್ಲಿ ಮಲಗಿ, ಅವಳನ್ನ ತಬ್ಬಿಕೊಂಡು ಸುಮ್ಮನೆ ಇರಿ."

ಅವಳು ನನ್ನನ್ನು ನೋಡಿದಳು. ಅವಳ ಕಣ್ಣಲ್ಲಿ ನೀರಿರಲಿಲ್ಲ, ಬರೀ ಭಯ. ಬಾಟಲಿ ಕೆಳಗಿಟ್ಟು ಮಗಳ ಪಕ್ಕ ಮಲಗಿದಳು. ಅವರಿಬ್ಬರ ಮೇಲೆ ಇನ್ನೊಂದು ಬ್ಯಾಗ್ ಬಿಚ್ಚಿ ಹೊದಿಸಿದೆ.

ನನ್ನ ತೀರ್ಮಾನ ತಪ್ಪಿದ್ದರೆ ಇರಲಿ ಎಂದು ಮಿದುಳಿನ ಊತಕ್ಕೆ ಕೊಡುವ ಡೆಕ್ಸಾಮೆಥಾಸೋನ್ ಇಂಜೆಕ್ಷನ್ ಹಾಕಲು ನಿರ್ಧರಿಸಿದೆ. ಔಷಧಿಯ ಗಾಜಿನ ಆಂಪೂಲ್ ಒಡೆಯಲು ಹೋದರೆ ಬೆರಳುಗಳು ಮಾತು ಕೇಳಲಿಲ್ಲ. ಮೊದಲನೆಯದು ಕೈಜಾರಿ ಬಿದ್ದು ಚೂರಾಯಿತು. ಬೆನ್ನು ತಿರುಗಿಸಿ ಕೂತು ಎರಡನೆಯದನ್ನು ಒಡೆದೆ. ಸಾವಿರಾರು ಆಂಪೂಲ್ ಒಡೆದ ಕೈ ಅದು. ಅಷ್ಟು ಹೆದರಿಕೆ ನನಗೆ ಹೌಸ್ ಸರ್ಜನ್ ಆಗಿದ್ದಾಗಲೂ ಆಗಿರಲಿಲ್ಲ. ಯಾರೂ ನೋಡಲಿಲ್ಲವೆಂದುಕೊಂಡು ಇಂಜೆಕ್ಷನ್ ಕೊಟ್ಟೆ.

ಮೊದಲ ಸಲ ಬಾಟಲಿಗಳನ್ನು ಬದಲಾಯಿಸಿದೆವು. ಏನೂ ಆಗಲಿಲ್ಲ. ಹೊರಗೆ ಬೆಳಕು ಇಳಿಯುತ್ತಿತ್ತು. ಹುಡುಗರು ಸ್ಟ್ರೆಚರಿಗೆ ಹಗ್ಗ ಬಿಗಿಯುವ ಸದ್ದು ಕೇಳುತ್ತಿತ್ತು, ಪ್ರತಿ ಸದ್ದಿಗೂ ನನ್ನ ತೀರ್ಮಾನ ಸಡಿಲವಾಗುತ್ತಿತ್ತು. ಇಳಿಸಿಬಿಡಬೇಕಿತ್ತೇನೋ. ಕಂಪಾಲಾದಲ್ಲಿರುವ ಅಪ್ಪನಿಗೆ ಯಾರು ಹೇಳಬೇಕು, ಯಾವ ಮಾತಿನಲ್ಲಿ ಹೇಳಬೇಕು ಎಂಬಲ್ಲಿಯವರೆಗೆ ನನ್ನ ಮನಸ್ಸು ಹೋಗಿ ಬಂತು. ಕತ್ತಿನ ನಾಡಿಯ ಮೇಲಿಟ್ಟ ಬೆರಳನ್ನು ತೆಗೆಯಲಿಲ್ಲ. ನಾಡಿ ನಿಧಾನವಾಗಿತ್ತು, ಆದರೆ ಇತ್ತು. ಯಾವ ದೇವರಿಗೂ ಹರಕೆ ಹೊರದ ನಾನು ಅಂದು ಚಾಮುಂಡಿಗೆ ಏನೇನು ಒಪ್ಪಿಕೊಂಡೆನೋ ನೆನಪಿಲ್ಲ.

ಕಮಾವ್ ಎರಡನೆಯ ಸಲದ ನೀರು ತಂದ. ಬಾಟಲಿ ತುಂಬಿಸುತ್ತಿದ್ದಾಗ ವೀಣಾ ಚೀರಿದಳು. "ಡಾಕ್ಟ್ರೇ, ಫಿಟ್ಸ್ ಬರ್ತಿದೆ. ಮಗು ಅದುರ್ತಿದೆ, ಹಿಡ್ಕೊಳ್ಳಿ, ಹಿಡ್ಕೊಳ್ಳಿ."

ಧೃತಿಯ ದವಡೆ ಕಟಕಟ ಎನ್ನುತ್ತಿತ್ತು. ಭುಜ, ಬೆನ್ನು, ತೊಡೆ, ಇಡೀ ಮೈ ಮುರಿಯುವ ಹಾಗೆ ನಡುಗುತ್ತಿತ್ತು. ವೀಣಾ ಅದನ್ನು ನಿಲ್ಲಿಸಲು ಬಿಗಿಯಾಗಿ ಅದುಮುತ್ತಿದ್ದಳು. ನಾನು ಟಾರ್ಚ್ ಹಾಕಿ ಕಣ್ಣು ನೋಡಿದೆ. ಬೆಳಕಿಗೆ ಮುಖ ಸಿಂಡರಿಸಿ ತಲೆ ತಿರುಗಿಸಿದಳು. ಫಿಟ್ಸ್ ಅಲ್ಲ.

"ನಡುಗಲಿ ಬಿಡಿ" ಎಂದೆ. "ನಡುಗಲಿ ವೀಣಾ. ಒಲೆ ಹತ್ತಿತು."

ಕಮಾವ್ ಹೊರಗೆ ಹೋಗಿ ಹುಡುಗರಿಗೆ ಏನೋ ಹೇಳಿದ. ಹಗ್ಗದ ಸದ್ದು ನಿಂತಿತು. ಸ್ವಲ್ಪ ಹೊತ್ತಿನ ಮೇಲೆ, "ಧೃತಿ, ನಾನ್ಯಾರು?" ಎಂದು ಮತ್ತೆ ಕೇಳಿದೆ. ಹಲ್ಲು ಕಡಿಯುತ್ತಲೇ ಅವಳೆಂದಳು: "ಡಾಕ್ಟರ್ ಆಂಟಿ, ವೈ ಆರ್ ಯು ಶೌಟಿಂಗ್?" ಅಂಥ ಸಿಡುಕು ಮಾತನ್ನು ಅಷ್ಟು ಸಂತೋಷದಿಂದ ನಾನು ಬೇರೆ ಯಾರಿಂದಲೂ ಕೇಳಿಲ್ಲ. ನುಂಗಲು ಬರುತ್ತದೆಂದು ಖಾತ್ರಿಯಾದ ಮೇಲೆ ಸಕ್ಕರೆ ಹಾಕಿದ ಬಿಸಿ ಹಾಲನ್ನು ಚಮಚದಲ್ಲಿ ಕುಡಿಸಿದೆವು. ಬೆಳಿಗ್ಗೆ ಶಿಖರದ ಮಾತನ್ನು ಯಾರೂ ಎತ್ತಲಿಲ್ಲ, ಎಲ್ಲರೂ ಕೆಳಗಿಳಿದೆವು. ಪೋರ್ಟರ್‌ಗಳು ಅವಳನ್ನು ಸರದಿಯ ಮೇಲೆ ಸ್ಟ್ರೆಚರಿನಲ್ಲಿ ಹೊತ್ತರು. ಬೆಟ್ಟದ ಬುಡದ ನನ್ಯುಕಿಯ ಆಸ್ಪತ್ರೆಯಲ್ಲಿ ಇಸಿಜಿ, ರಕ್ತ ಎಲ್ಲ ನೋಡಿ, ತೊಂದರೆಯಿಲ್ಲ ಎಂದರು. ನಾನು ಕಾರ್ ಪಾರ್ಕಿನಲ್ಲಿ ಒಬ್ಬಳೇ ಕೂತು ಅತ್ತೆ.

ಆಮೇಲೆ ಬ್ಯಾಗ್ ಆರಿಸಿಕೊಡಿ ಎಂದು ಬಂದವರಿಗೆಲ್ಲ ನಾನು ಹೇಳಿದ್ದು ಇಷ್ಟು. ಚೀಟಿ ಓದಿ, ಆದರೆ ಚೀಟಿಯನ್ನೇ ನಂಬಬೇಡಿ. ನೆಲದ ಮೇಲೆ ಹರಡಿ ಉಬ್ಬುತ್ತದೆಯೇ ನೋಡಿ, ಕೈ ಹಾಕಿ ಗಂಟು ಹುಡುಕಿ. ಎತ್ತರಕ್ಕೆ ಹೋಗುವ ಮೊದಲು ಒಂದು ರಾತ್ರಿ ಮನೆಯ ಅಂಗಳದಲ್ಲಿ ಅದರೊಳಗೆ ಮಲಗಿ. ಮೈ ಒಣಗಿಸಿಕೊಂಡು, ಹೊಟ್ಟೆಗೆ ಏನಾದರೂ ಹಾಕಿಕೊಂಡೇ ಒಳಗೆ ಹೋಗಿ. ಮಗುವಿಗೆ ನಡುಕ ನಿಂತರೆ ಖುಷಿಪಡುವ ಮೊದಲು ಮಾತಾಡಿಸಿ ನೋಡಿ.

ಇದು ಬೇರೆಯವರಿಗೆ ಹೇಳುವ ಪಾಠ. ನನಗೆ ಸಿಕ್ಕ ಪಾಠ ಬೇರೆ. ಅದನ್ನು ಕಲಿಸಿದವಳು ವೀಣಾ.

ಮರುವರ್ಷ ಅವಳು ಕ್ಲಿನಿಕ್ಕಿಗೆ ಬಂದಳು. ತನ್ನಿಂದಲೇ ಮಗಳು ಹೋಗಿಬಿಡುತ್ತಿದ್ದಳೆಂಬ ಮಾತನ್ನು ಆ ಹೊತ್ತಿಗೆ ನೂರು ಸಲ ಆಡಿ ಮುಗಿಸಿದ್ದಳು, ಅಂದು ಆ ವಿಷಯ ತೆಗೆಯಲಿಲ್ಲ. ಧೃತಿ ಶಾಲೆಯವರ ಜೊತೆ ಮತ್ತೆ ಬೆಟ್ಟಕ್ಕೆ ಹೋಗುತ್ತೇನೆಂದು ಹಟ ಹಿಡಿದಿದ್ದಾಳೆ, ಶಾಲೆಯವರು ಒಬ್ಬ ಡಾಕ್ಟರನ್ನು ಹುಡುಕುತ್ತಿದ್ದಾರೆ ಎಂದಳು.

"ನೀವು ಹೋದ್ರೆ ಮಾತ್ರ ಕಳಿಸ್ತೀನಿ."

"ನನಗಿಂತ ಚಿಕ್ಕ ವಯಸ್ಸಿನವರು, ಬೆಟ್ಟದ ಟ್ರೇನಿಂಗ್ ಆದವರು ಇದಾರೆ ಕಣಮ್ಮ. ಅವರಿಗೆ ಇಂಥದ್ದಕ್ಕೆಲ್ಲ ಭಯ ಆಗಲ್ಲ."

"ಅದಕ್ಕೇ ಬೇಡ" ಎಂದಳು ವೀಣಾ. "ಅವತ್ತು ಇಂಜೆಕ್ಷನ್ ಒಡೆಯುವಾಗ ನಿಮ್ಮ ಕೈ ನಡುಗಿದ್ದು ನಾನು ನೋಡಿದೆ. ಎಣ್ಣೆ ಬಾಟಲಿ ಇನ್ನೂ ನನ್ನ ಪಕ್ಕದಲ್ಲೇ ಇತ್ತು. ನೀವು ಗಟ್ಟಿಯಾಗಿ ಇದ್ದಿದ್ರೆ, ಇವರಿಗೇನು, ಇವರ ಮಗು ಅಲ್ವಲ್ಲ ಅಂತ ಉಜ್ಜೇ ಬಿಡ್ತಿದ್ದೆ. ನಿಮಗೂ ನನ್ನಷ್ಟೇ ಭಯ ಆಗಿದೆ ಅಂತ ಗೊತ್ತಾಯ್ತು. ಸುಮ್ಮನೆ ಮಲಗೇ ಇದ್ದೆ."

ಡಾಕ್ಟರ ಭಯ ರೋಗಿಯ ಮನೆಯವರಿಗೆ ಕಾಣಬಾರದೆಂದು ನನಗೆ ಕಲಿಸಿದ್ದರು. ನನ್ನ ಕೈಕೆಳಗೆ ಕೆಲಸ ಮಾಡಿದವರಿಗೂ ನಾನು ಅದನ್ನೇ ಕಲಿಸಿದ್ದೆ. ಅಂದಿನಿಂದ ಕಲಿಸುವುದನ್ನು ಬಿಟ್ಟೆ. ಶಾಲೆಗೆ ಫೋನ್ ಮಾಡಿ, ಬರುತ್ತೇನೆ, ಆದರೆ ನನಗೆ ಬೆಟ್ಟವೆಂದರೆ ತುಂಬಾ ಭಯ ಎಂದೆ. ಆ ಕಡೆಯಿಂದ ನಗು ಕೇಳಿಸಿತು. ನಾನು ತಮಾಷೆಗೆ ಹೇಳಿರಲಿಲ್ಲ.